ಕೆಲಸ ಮುಗಿದಿದೆ

ಕಚೇರಿಯಿಂದ,
ಮಾರ್ಚ್ ೧೨, ಸಂಜೆ

ಪ್ರೀತಿಯ ದೊಡ್ಡಮ್ಮಾ,

ಹೇಗಿದ್ದೀಯ? ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಶೀಶೆ ಹಾಗೇ ಕೂತಿದೆಯಾ? ಫೋನಿನಲ್ಲಿ ನಿನಗೆ ನನ್ನ ಮಾತು ಕೇಳಿಸದು, ಕಿರುಚಿದರೆ "ಯಾಕೆ ಜಗಳಕ್ಕೆ ಬರ್ತೀಯ?" ಅನ್ನುತ್ತೀಯ. ಅದಕ್ಕೇ ಈ ಕಾಗದ. ಭಾನುವಾರ ಬರಲಾಗುವುದಿಲ್ಲ. ನನಗೆ ತುಂಬಾ ಭಯವಾಗಿದೆ.

ನಮ್ಮದು ಲಿಫ್ಟ್ ರಿಪೇರಿ ಕಂಪನಿ ಎಂಬುದು ನಿನಗೆ ಗೊತ್ತೇ ಇದೆ. ಎಲ್ಲ ವ್ಯವಹಾರಕ್ಕೂ ಒಂದೇ ಸಾಫ್ಟ್‌ವೇರ್ ಬೇಕೆಂದಾಗ, ಆರಿಸುವ ಹೊಣೆ ನನ್ನ ತಲೆಗೆ ಬಂತು. ಮಾರಲು ಬಂದವರನ್ನು ಬಿಲ್ಲು, ಸಂಬಳ, ಗೋದಾಮು ಎಂದು ಎಲ್ಲ ಕೇಳಿದೆ. ಒಂದು ಕೆಲಸ ಯಾವಾಗ ಮುಗಿದಂತೆ ಎಂದು ಮಾತ್ರ ಕೇಳಲಿಲ್ಲ. ನಾನು ಆರಿಸಿದ್ದು ಫ್ರಿಜ್, ಟಿ.ವಿ. ರಿಪೇರಿಯವರಿಗೆ ಹೊಂದುವಂಥದ್ದು. ಮೆಕ್ಯಾನಿಕ್ ಹೋಗಿ ಬಂದರೆ ಸಾಕು, ಅದರ ಲೆಕ್ಕದಲ್ಲಿ ಕೆಲಸ ಮುಗಿಯಿತು. ನಮ್ಮಲ್ಲಿ ಹಾಗಲ್ಲ. ಒಮ್ಮೆ ಹೋಗಿ ನೋಡುತ್ತಾರೆ, ಸವೆದ ಭಾಗಕ್ಕೆ ಆರ್ಡರ್ ಕೊಡುತ್ತಾರೆ, ಅದು ಬಂದ ಮೇಲೆ ಮತ್ತೆ ಹೋಗಿ ಹಾಕಬೇಕು. ಆ ಎರಡನೇ ಭೇಟಿಯನ್ನು ಸಾಫ್ಟ್‌ವೇರ್ ಯಾರಿಗೂ ನೆನಪಿಸಲೇ ಇಲ್ಲ.

ನಿನ್ನೆ ಒಂದು ಬಟ್ಟೆ ಅಂಗಡಿಯ ಲಿಫ್ಟ್ ಅರ್ಧ ಮಹಡಿ ಜಾರಿತು. ಸುದ್ದಿ ಕೇಳಿ ಓಡಿದೆ. ಒಳಗಿದ್ದವಳು ಕೂಸನ್ನು ಎತ್ತಿಕೊಂಡ ತಾಯಿ. ಇಬ್ಬರಿಗೂ ಏನೂ ಆಗಿರಲಿಲ್ಲ, ಆದರೆ ಹೊರಗೆ ಬಂದವಳೇ ನೆಲದ ಮೇಲೆ ಕುಸಿದು ಕೂತಳು. ಹೊಸ ಬ್ರೇಕು ನಮ್ಮ ಗೋದಾಮಿನಲ್ಲೇ ಬಿದ್ದಿತ್ತು. ಪರದೆಯ ಮೇಲೆ ಮಾತ್ರ ಕೆಲಸ ಮುಗಿದಿದೆ ಎಂದಿತ್ತು.

ಇಂಥ ಲಿಫ್ಟುಗಳನ್ನೆಲ್ಲ ಹುಡುಕಿ ನಿಲ್ಲಿಸಬೇಕು ಎಂದು ಕಂಪನಿಯ ಯಜಮಾನರಿಗೆ ಹೇಳಿದೆ. "ಒಂದು ಕಡೆ ಹೀಗಾಯ್ತು ಅಂತ ಊರೆಲ್ಲಾ ಬೀಗ ಹಾಕ್ಕೊಂಡು ಬರೋಕಾಗುತ್ತೇನಮ್ಮಾ?" ಅಂದರು. "ಮೊದಲು ಬೀಗ ಹಾಕಿಸಿ ಸಾರ್, ಆಮೇಲೆ ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ" ಅಂದೆ. ಅವರು ತಾವೇ ಫೋನು ಕೈಗೆತ್ತಿಕೊಂಡರು. ಈಗ ಗೋದಾಮಿನಲ್ಲಿ ಉಳಿದ ಒಂದೊಂದು ಭಾಗವೂ ಯಾವ ಕಟ್ಟಡದ್ದು ಎಂದು ಹುಡುಕುತ್ತಿದ್ದೇವೆ.

ಪಕ್ಕದ ಮನೆಯ ಟೀಚರಿಗೆ ನಮಸ್ಕಾರ ತಿಳಿಸು. ನೀನು ಚೆನ್ನಾಗಿದ್ದರೆ ನನಗೆ ಅಷ್ಟೇ ಸಾಕು.

ನಿನ್ನ
ಪುಟ್ಟಿ

ಅವಸರದಲ್ಲಿ: ಕಾಗದ ಮಡಚುವಾಗಲೇ ಗೋದಾಮಿನವರು ಒಂದು ಬ್ರೇಕು ಹಿಡಿದುಕೊಂಡು ಬಂದರು. ಅದು ನಿಮ್ಮ ಕಟ್ಟಡದ್ದು. ನಿಮ್ಮ ಲಿಫ್ಟಿನ ರಿಪೇರಿ ಹೋದ ತಿಂಗಳಷ್ಟೇ ನಮ್ಮ ಕಂಪನಿಗೆ ಬಂದಿದೆಯಂತೆ, ನನಗೆ ತಿಳಿದೇ ಇರಲಿಲ್ಲ. ವಾಚ್‌ಮನ್ ಫೋನು ಎತ್ತುತ್ತಿಲ್ಲ. ನೀನು ವಾಕಿಂಗಿಗೆ ಇಳಿಯುವ ಹೊತ್ತು ಬೇರೆ. ನಾನು ಇಲ್ಲಿಂದ ಕದಲುವಂತಿಲ್ಲ, ಇನ್ನೂ ಕಟ್ಟಡಗಳು ಬಾಕಿ ಇವೆ. ಮೆಕ್ಯಾನಿಕ್ ಕೈಯಲ್ಲಿ ಈ ಕಾಗದ ಕೊಟ್ಟು ಓಡಿಸುತ್ತಿದ್ದೇನೆ. ಅವನು ಲಿಫ್ಟಿಗೆ ಬೀಗ ಹಾಕಿ, ಮೆಟ್ಟಿಲು ಹತ್ತಿ ಬಂದು ನಿನ್ನ ಬಾಗಿಲು ಬಡಿಯುತ್ತಾನೆ. ತೆಗೆದದ್ದು ನೀನೇ ಆದರೆ, ಈ ಕಾಗದದ ಹಿಂದೆ ನಿನ್ನ ಕೈಯಾರೆ ಏನಾದರೂ ಬರೆದು ಅವನಿಗೆ ಕೊಡು. ಬೈಗುಳವಾದರೂ ಸರಿ.