ಸವತಿಯ ಫೋಟೋ

ಭಾನುವಾರ, ಊಟವಾದ ಮೇಲೆ

ನನ್ನ ಹೊಟ್ಟೆಯಲ್ಲೇ ಹುಟ್ಟಿ ನನಗೇ ಅಪ್ಪಣೆ ಹೊರಡಿಸುವ ಮಗಳೇ,

ನಿನ್ನ ತಾಯಿ ಎರಡೂ ಕೈ ಎತ್ತಿ ಮಾಡುವ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ಇಬ್ಬರೇನು, ಮೂವರೂ ಚೆನ್ನಾಗಿದ್ದೇವೆ. ಮೂರನೆಯವಳು ಯಾರೆಂದು ನಿನಗೆ ಗೊತ್ತು.

ಅಮ್ಮ ಫೋನು ಬಿಟ್ಟು ಕಾಗದ ಯಾಕೆ ಹಿಡಿದಳು ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ. ನಾನೋ, ನಾಟಕ ಕಂಪನಿಯ ಪರದೆ ಹಿಂದೆ ತೊಟ್ಟಿಲಲ್ಲಿ ಬೆಳೆದವಳು. ನನ್ನಪ್ಪ ರಾಕ್ಷಸನ ವೇಷದಲ್ಲಿ ಅಬ್ಬರಿಸಿದರೆ ಮಾತ್ರ ನನಗೆ ನಿದ್ದೆ ಬರುತ್ತಿತ್ತಂತೆ. ಅಂಥವಳ ಮಾತನ್ನು ಅರ್ಧಕ್ಕೆ ತುಂಡು ಮಾಡುವುದು ಮಹಾಪಾಪ! ಕಾಗದದಲ್ಲಾದರೆ ರಂಗಸ್ಥಳ ಪೂರ್ತಿ ನನ್ನದು. ಇಗೋ ಗಂಟೆ ಬಾರಿಸಿತು, ಪರದೆ ಎದ್ದಿತು. ಕೂತು ಓದು.

ನೀನು ಕೊಟ್ಟ ಆಜ್ಞೆ ಏನು? ಬಚ್ಚಲಲ್ಲಿ ಜಾರಿ ಮುರಿದ ಅಪ್ಪನ ಎಡಗೈ ಮಣಿಕಟ್ಟು ಕೂಡಿಕೊಂಡರೂ ಬಲ ಬಂದಿಲ್ಲ, ಕ್ಲಚ್ ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ, ಎಲ್ಲಾದರೂ ಬಿದ್ದರೆ ಗತಿಯೇನು, ಬೈಕು ಮಾರಿಬಿಡಿ. ಒಂದು ಒಳ್ಳೇ ಫೋಟೋ ಕಳಿಸಮ್ಮ, ಮಾರಾಟಕ್ಕೆ ನಾನೇ ಹಾಕ್ತೀನಿ ಅಂದೆ. ಆಗಲಿ ತಾಯೀ ಎಂದು ನಾನು ಕುಣಿದಾಡಿದೆ. ಆ ಬೈಕು ನನಗೆ ಸವತಿಯಲ್ಲದೆ ಮತ್ತೇನು? ನಾನು ಈ ಮನೆಗೆ ಬಂದ ದಿನ ಬಾಗಿಲಲ್ಲಿ ನನಗಿಂತ ಮೊದಲೇ ನಿಂತಿದ್ದಳು, ಬಿನ್ನಾಣಗಿತ್ತಿ! ನಿನ್ನಪ್ಪ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ಆಯುಷ್ಯ ಸವೆಸಿ, ಆ ಸದ್ದಿನಲ್ಲಿ ಮಾತೇ ಮರೆತ ಮನುಷ್ಯ. ನಾನು ಹೊಸ ಬಟ್ಟೆ ಉಟ್ಟು ಎದುರಿಗೆ ಸುಳಿದಾಡಿದರೂ ಕಣ್ಣೆತ್ತಿದವರಲ್ಲ. ಅವಳ ಟ್ಯಾಂಕಿನ ಮೇಲೊಂದು ಗೀರು ಬಿದ್ದರೆ ಆ ದಿನ ಊಟ ಸೇರುತ್ತಿರಲಿಲ್ಲ. ನಿನ್ನ ದೊಡ್ಡಮ್ಮನ ಸ್ನಾನ ಆಯ್ತಾ ಕೇಳಿಕೊಂಡು ಬಾ ಎಂದು ನಿನ್ನನ್ನೇ ಎಷ್ಟು ಸಲ ಅಂಗಳಕ್ಕೆ ಓಡಿಸಿಲ್ಲ ನಾನು!

ಸರಿ, ಫೋಟೋ ತೆಗೆದೆವು, ಬಟ್ಟೆ ಒಣಗಿಸುವ ತಂತಿಯ ಪಕ್ಕ. ನೋಡುತ್ತೇನೆ, ಹಿಂದೆ ನೇತಾಡುವ ಬನಿಯನ್ನು, ಮುಂದೆ ಕಿವಿ ಮುರಿದ ಬಕೆಟ್ಟು, ನಡುವೆ ಸೆರೆ ಸಿಕ್ಕ ರಾಣಿಯ ಹಾಗೆ ಕತ್ತು ವಾಲಿಸಿ ನಿಂತ ಬೈಕು. ನನ್ನೊಳಗಿನ ಕಂಪನಿ ರಕ್ತ ಕುದಿಯಿತು. ಸವತಿಯಾದರೇನು, ನಾಯಕಿ ನಾಯಕಿಯೇ! ಇಂಥ ದರಿದ್ರ ಪರದೆಯ ಮುಂದೆ ಅವಳನ್ನು ನಿಲ್ಲಿಸುವುದುಂಟೆ? ನಡೀರಿ ಕೆರೆ ದಂಡೆಗೆ ಎಂದೆ. ನಿನ್ನಪ್ಪ ಒಳಗೆ ಹೋದರು. ಹೆಲ್ಮೆಟ್ ಎರಡು ತಂದರು.

ಅಲ್ಲಿಂದ ಶುರುವಾಯಿತು ನೋಡು, ಭಾನುವಾರದ ಪ್ರಯೋಗಗಳು. ಕೆರೆಯಲ್ಲಿ ಬಿಸಿಲು ಮುಖಕ್ಕೆ ಹೊಡೆಯಿತು, ಮುಂದಿನ ವಾರ ಗಾಳಿಯಂತ್ರಗಳ ಗುಡ್ಡ. ಅಲ್ಲಿ ಮೋಡ ಕವಿಯಿತು, ಅದರ ಮುಂದಿನ ವಾರ ಸೂರ್ಯಕಾಂತಿ ಹೊಲ. ಹಳದಿ ಸಮುದ್ರದ ಅಂಚಿನಲ್ಲಿ ನಮ್ಮ ಕಪ್ಪು ಸುಂದರಿ! ನಿರ್ದೇಶಕಿ ನಾನು. ನಿನ್ನಪ್ಪ ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಕ್ಲಿಕ್ಕಿಸುವವರು. ನೀನು ಮೆಚ್ಚಿ ಮಾರಾಟಕ್ಕೆ ಹಾಕಿದೆಯಲ್ಲ, ಆ ಸೂರ್ಯಕಾಂತಿ ಹೊಲದ್ದೇ ಫೋಟೋ. ನಿನಗೆ ಬೇಕಾದದ್ದು ಸಿಕ್ಕಿದ ಮೇಲೂ ನಾವು ಹೋಗುತ್ತಲೇ ಇದ್ದೆವು, ಅದನ್ನು ನಿನಗೆ ಹೇಳಿರಲಿಲ್ಲ.

ಹಿಂದೆ ಕೂತವಳಿಗೆ ಒಂದು ಸಂಗತಿ ಮಾತ್ರ ಚೆನ್ನಾಗಿ ಕಂಡಿತು ಮಗಳೇ. ದಾರಿಯಲ್ಲಿ ಆಗಾಗ ನಿಲ್ಲಿಸಿ ಇಲ್ಲೊಂದು ಫೋಟೋ ಎನ್ನುವರು. ಇಳಿದು ನನಗೆ ಬೆನ್ನು ಮಾಡಿ ಎಡಗೈ ಕೊಡವುವರು, ಬೆರಳು ಒಂದೊಂದಾಗಿ ಬಿಡಿಸಿಕೊಳ್ಳುವರು. ನಾನು ಮೋಡ ನೋಡುವವಳಂತೆ ನಟಿಸುತ್ತಿದ್ದೆ. ನೀನು ಹೇಳಿದ್ದು ಸರಿಯೇ ಇತ್ತು. ಆ ಕೈಯಲ್ಲಿ ಇನ್ನೆಷ್ಟು ದಿನ?

ಅವರ ಕೈ ಸೋತ ಮೇಲೆ ಬೈಕನ್ನು ಫೋಟೋಗೆ ಸರಿಸುವ ಕೆಲಸ ನನ್ನ ಪಾಲಿಗೆ ಬಂತು. ಸ್ವಲ್ಪ ಮುಂದೆ ತಳ್ಳು ಎನ್ನುವರು. ಆ ಕಬ್ಬಿಣದ ಎಮ್ಮೆಯನ್ನು ತಳ್ಳಿ ನನ್ನ ಉಸಿರು ಬಾಯಿಗೆ ಬಂತು. ಆಗ ನಿನ್ನಪ್ಪ ಬಂದು ನನ್ನನ್ನು ಮೇಲೆ ಕೂರಿಸಿ ಸ್ಟಾರ್ಟ್ ಮಾಡಿಕೊಟ್ಟು, ನಿದ್ದೆ ಹೋದ ಮಗುವಿನ ತಲೆಯಡಿಯಿಂದ ಕೈ ತೆಗೆಯೋ ಹಾಗೆ ಕ್ಲಚ್ ಬಿಡು, ಅದೇ ಹೋಗತ್ತೆ ಅಂದರು. ಮದುವೆಯಾದಂದಿನಿಂದ ಅವರಾಡಿದ ಅತಿ ಉದ್ದದ ಮಾತು ಅದು! ನಾನು ಬಿಟ್ಟೆ. ಮಗು ಎದ್ದು ಚೀರಿತು. ಬೈಕು ಕಪ್ಪೆಯಂತೆ ನೆಗೆದು ಆಫಾಯಿತು. ಆಚೆ, ನಮ್ಮ ಮಾರಾಟದ ಕಥೆ ಕೇಳಿದ್ದ ಚಹಾದ ಗಾಡಿಯವಳು ಬಿದ್ದು ಬಿದ್ದು ನಕ್ಕು, ಯಜಮಾನ್ರೇ, ಮಾರೋಕೆ ಫೋಟೋ ತೆಗೀತಿರೋದು ಬೈಕಿಂದೋ ಹೆಂಡ್ತೀದೋ ಎಂದು ಕೂಗಿದಳು. ಎರಡೂ ಒಟ್ಟಿಗೇ ಕಣಮ್ಮ, ಬಿಡಿಬಿಡಿಯಾಗಿ ಕೊಡಲ್ಲ ಎಂದು ನಾನೂ ಬಿಡದೆ ಕೂಗಿದೆ.

ಆಮೇಲಿನ ಭಾನುವಾರಗಳೆಲ್ಲ ಇದೇ ಆಟ. ಬೆಳಕು ಸಾಲದು, ಸ್ವಲ್ಪ ಮುಂದೆ ತಗೋ. ನೆರಳು ಬಿತ್ತು, ಇನ್ನೊಂಚೂರು. ಹಾಗೆ ಒಂದು ದಿನ ಹೊಳೆಯ ಹಳೇ ಸೇತುವೆ. ಪಕ್ಕದಲ್ಲಿ ಹೊಸದು ಕಟ್ಟಿದ ಮೇಲೆ ಇದರ ಮೇಲೆ ಕೊಕ್ಕರೆ ಬಿಟ್ಟು ಯಾರೂ ಓಡಾಡುವುದಿಲ್ಲ. ಕೆಳಗೆ ನೀರು ಫಳಫಳ, ಮೇಲೆ ಆಕಾಶ ನೀಲಿ, ನಾನು ಬೈಕಿನ ಮೇಲೆ. ಹಿಂದಿನಿಂದ ನಿನ್ನಪ್ಪನ ಕೂಗು, ಇನ್ನೂ ಮುಂದೆ, ಇನ್ನೂ ಮುಂದೆ! ನಾನು ಫೋಟೋ ಚೆನ್ನಾಗಿ ಬರಲೆಂದು ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ ಹೋಗುತ್ತೇನೆ, ಹೋಗುತ್ತೇನೆ, ಸೇತುವೆಯೇ ಮುಗಿದುಹೋಯಿತು! ತಿರುಗಿ ನೋಡಿದರೆ ನಿನ್ನಪ್ಪ ಆ ತುದಿಯಲ್ಲಿ ಬೆರಳಿನಷ್ಟು ಎತ್ತರ. ನಾನು ನನ್ನಪ್ಪನ ರಾಕ್ಷಸ ಕಂಠದಲ್ಲಿ ಅಟ್ಟಹಾಸ ಮಾಡಿಬಿಟ್ಟೆ. ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದು ಹಾರಿದವು.

ಈಗ ಗಟ್ಟಿಯಾಗಿ ಕೂರು, ಮುಖ್ಯ ದೃಶ್ಯ. ನಿನ್ನ ಜಾಹೀರಾತು ನೋಡಿ ಗಿರಾಕಿ ಬಂದ, ಬ್ಯಾಂಕಿನ ಗುಮಾಸ್ತ, ಸಭ್ಯ ಹುಡುಗ. ಸುತ್ತು ಬಂದು ನೋಡಿ, ತುಂಬಾ ಇಷ್ಟ ಆಯ್ತು ಅಂಕಲ್, ಇವತ್ತೇ ತಗೊಂಡು ಹೋಗ್ಲಾ ಎಂದು ಕೇಳಿದ. ನಿನ್ನಪ್ಪ ಹೂಂ ಅಂದರು, ಅಷ್ಟೇ. ಒಳಗೆ ಹೋಗಿ ಕಾಗದಪತ್ರ ತಂದರು. ಕೀಲಿ ಕೊಡುವ ಮುಂಚೆ ಅಂಗಿಯ ತುದಿಯಿಂದ ಟ್ಯಾಂಕು ಒರೆಸಿದರು. ಧೂಳೇ ಇರಲಿಲ್ಲ ಮಗಳೇ, ಬೆಳಿಗ್ಗೆಯಷ್ಟೇ ತೊಳೆದಿದ್ದರು. ಸುಮ್ಮನೆ ಒರೆಸುತ್ತಲೇ ಇದ್ದರು.

ನನಗೆ ತಡೆಯಲಾಗಲಿಲ್ಲ. ನಡುವೆ ಪ್ರವೇಶ ಮಾಡಿ ಕೀಲಿ ಕಸಿದುಕೊಂಡು, ನಿಲ್ಲು! ಎಂದೆ. ಪಾಪ, ಅವನು ಒಂದು ಹೆಜ್ಜೆ ಹಿಂದೆ ಹಾರಿದ. ಇವಳು ನನ್ನ ಸವತಿ, ಬೈಯೋ ಹಕ್ಕು ನನಗಿದೆ, ಕೊಂಡೊಯ್ಯೋ ಹಕ್ಕು ಯಾರಿಗೂ ಇಲ್ಲ ಅಂದೆ. ಹಾಗಾದ್ರೆ ಮಾರಾಟಕ್ಕಿದೆ ಅಂತ ಫೋಟೋ ಯಾಕೆ ಹಾಕಿದ್ರಿ ಆಂಟಿ ಎಂದು ಅವನು ನ್ಯಾಯವಾಗಿಯೇ ಕೇಳಿದ. ಅದು ಮಾರೋ ಫೋಟೋ ಅಲ್ಲಪ್ಪಾ, ಸಂಸಾರದ ಫೋಟೋ, ತಪ್ಪಿ ನಿನ್ನ ಕಣ್ಣಿಗೆ ಬಿತ್ತು ಎಂದು ಚಹಾ ಕುಡಿಸಿ ಕಳಿಸಿದೆ. ಅವತ್ತು ನೀನು ಕೇಳಿದಾಗ, ಗಿರಾಕಿ ನೋಡಿಕೊಂಡು ಹೋದ ಅಂದೆನಲ್ಲ, ಅದರಲ್ಲಿ ಸುಳ್ಳೇನಿದೆ? ನೋಡಿದ, ಹೋದ.

ನಿನ್ನಪ್ಪ ಕೈ ತೋರಿಸಿ, ಇದರಿಂದ ಇನ್ನು ಓಡಿಸೋಕೆ ಆಗಲ್ಲ ಕಣೇ ಅಂದರು. ನನ್ನ ಕೈಯಿಂದ ಆಗತ್ತೆ ಅಂದೆ.

ಈಗ ಅಸಲು ಸುದ್ದಿ ಕೇಳು. ನಿನ್ನ ತಾಯಿಗೆ ಲೈಸೆನ್ಸು ಬಂದಿದೆ! ಕಲಿಯುವವರ ಲೈಸೆನ್ಸು ಮೊದಲು, ಪೂರ್ತಿಯದು ಮೊನ್ನೆ. ಪರೀಕ್ಷೆಯಲ್ಲಿ ಎಂಟು ಹಾಕುವಾಗ ಭಯಕ್ಕೆ ನನ್ನ ಬಾಯಿ ತಾನಾಗಿ ಹಳೇ ನಾಟಕದ ಮಾತು ಹೇಳುತ್ತಿತ್ತು. ಸಾಹೇಬರು, ಅಮ್ಮಾ, ಎಂಟು ಹಾಕಿದ್ರೆ ಸಾಕು, ಡೈಲಾಗ್ ಬೇಡ ಅಂದರು. ಕಾಲು ನೆಲಕ್ಕೆ ಊರಿದ್ದರೆ ಹೇಳು! ಈಗ ಭಾನುವಾರ ಓಡಿಸುವವಳು ನಾನು, ಹಿಂದೆ ಕೂರುವವರು ಅವರು. ನಿಧಾನವಾಗಿಯೇ ಹೋಗುತ್ತೇವೆ, ಸೈಕಲ್ಲಿನವರು ನಮ್ಮನ್ನು ದಾಟಿ ಹೋಗಿ ಕೈ ಬೀಸುತ್ತಾರೆ.

ಆದ್ದರಿಂದ ಮಹಾರಾಣಿಯವರಲ್ಲಿ ಒಂದೇ ವಿನಂತಿ, ಆ ಜಾಹೀರಾತು ತೆಗೆದುಬಿಡು. ಭಯವಾದರೆ ಬಾ, ನನ್ನ ಹಿಂದೆ ಕೂತು ಪರೀಕ್ಷೆ ಮಾಡು. ಆಮೇಲೂ ಮಾರು ಅಂದರೆ ಮಾರುತ್ತೇನೆ. ಅನ್ನುವುದಿಲ್ಲ, ನನಗೆ ಗೊತ್ತು.

ಇಂತಿ ನಿನ್ನ ತಾಯಿ,
ಲೈಸೆನ್ಸುದಾರಳು

ವಿ.ಸೂ.: ಮಗೂ, ನಾನು ಅಪ್ಪ. ಅಮ್ಮ ಲಕೋಟೆ ತರಲು ಹೋಗಿದ್ದಾಳೆ. ಸೇತುವೆಯ ಫೋಟೋ ಕೇಳಬೇಡ, ನಾನು ತೆಗೆಯಲಿಲ್ಲ. ಬೆಳಕು ಮೊದಲಿನಿಂದಲೂ ಚೆನ್ನಾಗಿಯೇ ಇತ್ತು. ಕಲಿ ಅಂದಿದ್ದರೆ ಅವಳು ಕಲಿಯುತ್ತಿರಲಿಲ್ಲ, ಅದಕ್ಕೆ ಮುಂದೆ ಮುಂದೆ ಅಂದೆ. ಇದನ್ನು ಅವಳಿಗೆ ಹೇಳಬೇಡ, ಮೂರು ಅಂಕದ ನಾಟಕವಾಗುತ್ತದೆ. ಇನ್ನೊಂದು ಮಾತು. ಇಷ್ಟು ವರ್ಷ ಗುಂಡಿ, ತಿರುವು, ಲಾರಿ ನೋಡಿಕೊಂಡೇ ಹೋದೆ. ಹಿಂದೆ ಕೂತ ಮೇಲೆ ಈಗ ಮೊದಲ ಸಲ ಬೆಟ್ಟ ನೋಡಿದೆ.