ಎಡಕ್ಕೆ ಕಟ್ಟಿದ ಅಂಗಿ

ರುಯಿನಿಯಾಂಗ್,

ಇವತ್ತು ಉತ್ತರದಿಂದ ದಂಡೆತ್ತಿ ಬಂದ ಜುರ್ಚೆನ್ನರ ಸಿಪಾಯಿಗಳು ಡಂಗುರ ಹೊಡೆಸಿದರು. ಊರು ಅವರದಾಯಿತಲ್ಲ, ಇನ್ನು ಗಂಡು ಹೆಣ್ಣೆನ್ನದೆ ಎಲ್ಲರೂ ಅವರಂತೆ ಅಂಗಿಯನ್ನು ಎಡಕ್ಕೆ ಕಟ್ಟಬೇಕಂತೆ, ತಪ್ಪಿದರೆ ತಲೆ ಹೋಗುತ್ತದಂತೆ. ನಮ್ಮಲ್ಲಿ ಎಡಕ್ಕೆ ಕಟ್ಟುವುದು ಹೆಣಕ್ಕಲ್ಲವೇ?

ಪಕ್ಕದಂಗಡಿಯ ಹಾವೋ ನನ್ನನ್ನು ನೋಡಿ, "ಯಜಮಾನ್ರೇ, ಹೆಣ ಎದ್ದು ಬಂತಲ್ರೀ!" ಅಂದ.

"ನೀನೇನು ಮದುವಣಿಗನೇನೋ?" ಅಂದೆ. ಅವನದೂ ಎಡಕ್ಕೇ ಇತ್ತು.

ಅದಿರಲಿ. ದಕ್ಷಿಣಕ್ಕೆ ಹೋಗೋಣವೆಂದು ನೀನು ಹೂಡಿಸಿದ್ದ ಗಾಡಿಯನ್ನು ಬಿಚ್ಚಿಸಿದವನು ನಾನು. ಮುತ್ತಿಗೆಯ ಹಸಿವಿನಲ್ಲಿ ನೀನು ತೀರಿಹೋದೆ.

ನಮ್ಮ ಮಗಳು ಯಿಂಗ್‌ನುವಿಗೆ ಎಡಕ್ಕೆ ಗಂಟು ಹಾಕಲು ಬರಲಿಲ್ಲ. ನನ್ನ ಕೈಗೆ ಗೊತ್ತಿತ್ತು. ಕಟ್ಟಿಕೊಟ್ಟು, "ಬಿಗಿಯಾಯ್ತೇನಮ್ಮಾ?" ಎಂದು ಕೇಳಿದೆ.

"ಇಲ್ಲಪ್ಪ, ಸರಿಯಾಗಿದೆ" ಅಂದಳು.

ಅವತ್ತು ನಿನಗೆ ಕಟ್ಟುವಾಗಲೂ ಕೇಳಿದ್ದೆ.