ಪಂಚೆಯ ಅಂಚಿನ ಅರಿಶಿನ

ನ್ಯಾಮತಿ
೨೮-೩-೧೯೩೮

ಪ್ರೀತಿಯ ಅಕ್ಕ ಸರ್ವಮಂಗಳೆಗೆ ತಂಗಿ ಶಂಕ್ರಿಯ ಶರಣು.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಈ ಸಲ ಆ ಮಾತು ಬರೆಯಲು ಕೈ ಬರುತ್ತಿಲ್ಲ. ಕಾರ್ಡಿನಲ್ಲಿ ಬರೆದರೆ ನಿಮ್ಮ ಜಗಳೂರಿನ ಅಂಚೆ ಮೂಕಪ್ಪ ದಾರಿಯುದ್ದಕ್ಕೂ ಓದಿಕೊಂಡು ಬರುತ್ತಾನೆ. ಅದಕ್ಕೇ ಲಕೋಟೆ. ಓದಿ ಒಲೆಗೆ ಹಾಕು. ಭಾವನಿಗೆ ತೋರಿಸಬೇಡ.

ಅಕ್ಕ, ನಮ್ಮ ಮನೆಯವರು ನಗುತ್ತಿದ್ದಾರೆ.

ಇದರಲ್ಲಿ ಅಳುವಂಥದ್ದೇನಿದೆ ಎಂದು ನೀನು ಕೇಳಬಹುದು. ಹೋದ ಶ್ರಾವಣದಲ್ಲಿ ನಮ್ಮ ಕೂಸು ಗಿರಿಜಿ ಜ್ವರದಲ್ಲಿ ತೀರಿಕೊಂಡ ಮೇಲೆ ಈ ಮನುಷ್ಯ ಹೇಗಾಗಿದ್ದರೆಂದು ನೀನೇ ಬಂದು ನೋಡಿದ್ದೀಯ. ಜವಳಿ ಅಂಗಡಿಯ ಕಂಬಕ್ಕೆ ಒರಗಿ ಕೂತರೆ ಕೂತೇ. ಗಿರಾಕಿ ಸೀರೆ ಕೇಳಿದರೆ ಪಂಚೆ ಬಿಚ್ಚುತ್ತಿದ್ದರು. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು. ಮಲಗಿದರೆ ಕಣ್ಣು ಜಂತೆಯ ಮೇಲೆ. ನಾನು ಮಾಡದ್ದು ಏನಿದೆ ಹೇಳು? ಹರಕೆ ಹೊತ್ತೆ, ಮಠಕ್ಕೆ ಹೋಗಿ ತಾಯಿತ ಕಟ್ಟಿಸಿದೆ, ಶೇಂಗಾ ಹೋಳಿಗೆ ಮಾಡಿದೆ, ಕೊನೆಗೆ ಜಗಳವನ್ನೂ ಆಡಿದೆ. ಜಗಳಕ್ಕಾದರೂ ಬಾಯಿ ಬಿಡುತ್ತಾರೆಂದುಕೊಂಡರೆ ಅದಕ್ಕೂ ಇಲ್ಲ.

ಅಜ್ಜಿ ಹೇಳುತ್ತಿದ್ದ ನಗದ ರಾಜಕುಮಾರನ ಕಥೆ ನೆನಪಿದೆಯಾ? ಅವನನ್ನು ನಗಿಸಿದವರಿಗೆ ಅರ್ಧ ರಾಜ್ಯ ಎಂದು ಡಂಗುರ ಸಾರುತ್ತಾರೆ. ಅಕ್ಕ, ಆ ಅರ್ಧ ರಾಜ್ಯವನ್ನು ಯಾರೋ ಹೊಡೆದುಕೊಂಡಿದ್ದಾರೆ. ಅದು ನಾನಲ್ಲ.

ಸಂಕ್ರಾಂತಿ ಕಳೆದ ಮೇಲೆ ಶುರುವಾಯಿತು. ಕೋಳಿ ಕೂಗುವ ಹೊತ್ತಿಗೆ ಎದ್ದು ಹೋಗುತ್ತಾರೆ. ಎಲ್ಲಿಗೆ ಎಂದರೆ, ಕೆರೆ ಕಡೆ ಎನ್ನುತ್ತಾರೆ. ಬಿಸಿಲೇರುವ ಹೊತ್ತಿಗೆ ಬರುತ್ತಾರೆ, ಸ್ನಾನ ಮುಗಿಸಿಕೊಂಡು! ಮನೆಯಲ್ಲಿ ಹಂಡೆ ತುಂಬ ನೀರು ಕಾದಿರುವಾಗ ಬೇರೆಲ್ಲೋ ಮೈ ತೊಳೆದುಕೊಂಡು ಬರುವ ಗಂಡಸಿಗೆ ಏನನ್ನಬೇಕು? ಬಂದವರು ನಾಲ್ಕು ರೊಟ್ಟಿ ತಿಂದು ಐದನೆಯದಕ್ಕೆ ಕೈ ಚಾಚುತ್ತಾರೆ. ಗಿರಾಕಿಗಳ ಹತ್ತಿರ ಚೌಕಾಸಿ ಮಾಡುತ್ತಾರೆ, ಗುನುಗುತ್ತಾರೆ. ರಾತ್ರಿ ಮಲಗಿದ್ದೇ ತಡ ಗೊರಕೆ. ಅದೂ ಪಡಸಾಲೆಯಲ್ಲಿ, ಕಂಬಳಿ ಹಾಸಿಕೊಂಡು, ಒಬ್ಬರೇ. ಒಳಗೆ ಸೆಕೆಯಂತೆ. ಸಂಕ್ರಾಂತಿಯ ಚಳಿಯಲ್ಲೂ ಸೆಕೆಯಿತ್ತೇ, ನೀನೇ ಹೇಳು.

ಮೊನ್ನೆ ಪಂಚೆ ಒಗೆಯುವಾಗ ಅಂಚಿನಲ್ಲಿ ಅರಿಶಿನ ಕಂಡಿತು. ಮೂಗಿಗೆ ಹಿಡಿದರೆ ಕರ್ಪೂರ, ತುಪ್ಪದ ವಾಸನೆ. “ಏನ್ರೀ, ಇದು ಹೆಂಗೆ ಹತ್ತಿತು?” ಎಂದೆ.

“ಯಾರದೋ ಮದುವೆ ಜವಳಿ ಕೊಡೋವಾಗ ಹತ್ತಿರಬೇಕು ಬಿಡೇ.”

“ಯಾರ ಮದುವೇರೀ?”

“ಒಂದಾ ಎರಡಾ, ಎಲ್ಲಾ ನೆನಪಿರತೈತಾ?” ಎನ್ನುತ್ತ ಅಂಗಡಿಗೆ ಹೊರಟೇಬಿಟ್ಟರು.

ಇನ್ನೊಂದು ಹೇಳುತ್ತೇನೆ, ಕೇಳು. ಮೊಹರಂ ಹಬ್ಬದ ದಿನಗಳಲ್ಲಿ ಇವರು ಬೆಳಿಗ್ಗೆ ಹೊರಗೆ ಹೋಗಲಿಲ್ಲ. ಎರಡು ದಿನ ಸರಿಯಿದ್ದರು. ಆಮೇಲೆ ಮತ್ತೆ ಅದೇ ಕಂಬ, ಅದೇ ಜಂತೆ. ನನಗೆ ಆಗಲೇ ಗೊತ್ತಾಯಿತು, ಅವಳು ಹಬ್ಬಕ್ಕೆ ತವರಿಗೆ ಹೋಗಿದ್ದಾಳೆಂದು. ಹಬ್ಬ ಮುಗಿದ ಮರುದಿನವೇ ನಗುತ್ತ ಬಂದರು.

ಅವಳು ಯಾರೋ ತಿಳಿಯದು. ಅವಳ ರೂಪದ ಮೇಲೆ, ವಯಸ್ಸಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ನಾನು ಅಷ್ಟು ಒದ್ದಾಡಿದರೂ ಆಗದ್ದು ಅವಳಿಗೆ ಅಷ್ಟು ಸಲೀಸಾಗಿ ಆಯಿತಲ್ಲ, ಅದನ್ನು ತಡೆದುಕೊಳ್ಳಲು ಆಗುತ್ತಿಲ್ಲ. ಇವರ ನಗು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಒಲೆ ಹೊತ್ತಿದಂತಾಗುತ್ತದೆ.

ಯುಗಾದಿ ಮುಗಿಯುತ್ತಲೇ ಭಾವನನ್ನು ಹೊನ್ನಾಳಿಗೆ ಕಳಿಸು. ಹೊನ್ನಾಳಿಯವರೆಗೆ ನಾನೇ ಬರುತ್ತೇನೆ. ಟ್ರಂಕು ಕಟ್ಟಿಟ್ಟಿದ್ದೇನೆ. ಬಂದರೆ ಮತ್ತೆ ಈ ಮನೆಗೆ ಕಾಲಿಡುವವಳಲ್ಲ.

ನಿನ್ನ
ಶಂಕ್ರಿ

ತಾಜಾಕಲಂ: ನಿನ್ನೆ ನಕ್ಕಾಗ ಅವರ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಗಿರಿಜಿಗೂ ಅಲ್ಲೇ ಬೀಳುತ್ತಿತ್ತು. ನಾನು ಅಡುಗೆಮನೆಗೆ ಎದ್ದು ಹೋದೆ.

*

ಜಗಳೂರು
೪-೪-೧೯೩೮

ಚಿರಂಜೀವಿ ಶಂಕ್ರಿಗೆ ಅಕ್ಕನ ಆಶೀರ್ವಾದ.

ಕಾಗದ ಒಲೆಗೆ ಹಾಕಿದೆ. ಭಾವನಿಗೆ ತೋರಿಸಲಿಲ್ಲ, ಆದರೆ ಹೇಳಿದೆ. ಕಳಿಸು ಎಂದರೆ ಕಾರಣ ಹೇಳದೆ ಕಳಿಸಲು ಅವರೇನು ಎತ್ತೇ? ಅವರು ಎಲ್ಲ ಕೇಳಿ, “ಪಂಚೆ ಅಂಚಿಗೆ ಅರಿಶಿನ ಹತ್ತೈತೆ ಅಂತ ಬಾಳ್ವೆ ಬಿಡ್ತಾಳಾ? ಅಂಗಿಗೆ ಹತ್ತಿದ್ರೆ ಬೇರೆ ಮಾತು” ಎಂದರು. ಗಂಡಸರು ಗಂಡಸರನ್ನು ಬಿಟ್ಟುಕೊಡುವುದಿಲ್ಲ. ಆದರೂ ಮಾತು ಹಿಡಿಸಿತು. ಅಪ್ಪಿಕೊಂಡವಳ ಅರಿಶಿನ ಎದೆಗೋ ಭುಜಕ್ಕೋ ಹತ್ತಬೇಕು. ಕಾಲ ಬಳಿ ಯಾಕೆ ಹತ್ತುತ್ತದೆ? ಸ್ವಲ್ಪ ಯೋಚಿಸು.

ಟ್ರಂಕು ಕಟ್ಟಿದ್ದು ಕಟ್ಟಿಯೇ ಇರಲಿ. ಮೊದಲು ನೀನೇ ಕಣ್ಣಾರೆ ನೋಡು. ನೋಡಿದ ಮೇಲೆ ಬಾ ಎಂದರೆ ನಾನೇ ಹೊನ್ನಾಳಿಗೆ ಬಂದು ಕರೆದುಕೊಂಡು ಹೋಗುತ್ತೇನೆ. ಈ ಮನೆ ಅಪ್ಪ ಕಟ್ಟಿಸಿದ್ದು, ನಿನಗೂ ಇದರಲ್ಲಿ ಒಂದು ಮೂಲೆಯಿದೆ.

ಒಂದು ಮಾತು. ಇಡೀ ಕಾಗದದಲ್ಲಿ ಅವರು ಉಂಡರು, ಅವರು ಮಲಗಿದರು ಎಂದು ಬರೆದಿದ್ದೀಯ. ನೀನು ಉಣ್ಣುತ್ತೀಯೋ ಇಲ್ಲವೋ, ನಿನಗೆ ನಿದ್ದೆ ಹತ್ತುತ್ತದೋ ಇಲ್ಲವೋ, ಒಂದಕ್ಷರ ಇಲ್ಲ. ಗೊರಕೆ ಕೇಳಿಸುತ್ತದೆ ಎಂದರೆ ನೀನು ಎದ್ದಿದ್ದೀಯ ಎಂದಾಯಿತು. ಅದಕ್ಕೆ ಉತ್ತರ ಬರೆ.

ನಿನ್ನ ಅಕ್ಕ
ಸರ್ವಮಂಗಳ

*

ನ್ಯಾಮತಿ
೨೦-೪-೧೯೩೮

ಪ್ರೀತಿಯ ಅಕ್ಕನಿಗೆ ಶಂಕ್ರಿಯ ಶರಣು.

ನೋಡಿದೆ. ಟ್ರಂಕು ಬಿಚ್ಚಿದ್ದೇನೆ. ಆದರೆ ಹೊಟ್ಟೆಕಿಚ್ಚು ಆರಿದೆ ಎಂದುಕೊಳ್ಳಬೇಡ.

ಒಂದು ಬೆಳಿಗ್ಗೆ ಇವರು ಹೊರಟ ಮೇಲೆ ಕೊಡ ಸೊಂಟದ ಮೇಲಿಟ್ಟುಕೊಂಡು ನೀರಿಗೆ ಹೋಗುವವಳಂತೆ ಹಿಂದೆಯೇ ಹೋದೆ. ಕೆರೆಯ ಕಡೆ ಹೋಗುವ ದಾರಿ ಬಿಟ್ಟು ಪೀರ್‌ಸಾಬರ ಓಣಿಗೆ ತಿರುಗಿದರು. ನಾನೂ ತಿರುಗಿ ಬಾವಿ ದಾಟಿದೆ. ಬಾವಿಯ ಹತ್ತಿರ ಪೀರ್‌ಸಾಬರ ಹೆಂಡತಿ ರಹಮತ್‌ಬೀ ನೀರು ಸೇದುತ್ತಿದ್ದರು.

“ಏನವ್ವಾ ಶಂಕ್ರಮ್ಮ, ಬಾವಿ ಹಿಂದೆ ಉಳೀತು. ಖಾಲಿ ಕೊಡ ಹೊತ್ಕಂಡು ಎಲ್ಲಿಗೆ ಹೊಂಟೀರಿ?”

ನಾಚಿಕೆಯಾಗಬೇಕಿತ್ತು, ಸಿಟ್ಟು ಬಂತು. “ನಿಮ್ಮ ಓಣಿಯಾಗೆ ನಮ್ಮನೆಯವ್ರಿಗೆ ಏನ್ ಕೆಲಸ ಐತೆ? ಯಾರ ಮನೆಗೆ ಬರ್ತಾರೆ? ಹೆಸರು ಹೇಳ್ರಿ ರಹಮತ್‌ಬೀ, ಅವಳ ಜಡೆ ಹಿಡಿದು ಇದೇ ಬಾವಿಗೆ ಹಾಕ್ತೀನಿ” ಎಂದೆ.

ಆಕೆ ಹಗ್ಗ ಕೈಬಿಟ್ಟು ಬಾವಿಕಟ್ಟೆಯ ಮೇಲೆ ಕೂತು ನಕ್ಕ ನಗು ಓಣಿಗೆಲ್ಲ ಕೇಳಿಸಿರಬೇಕು. “ಅವಳಿಗೆ ಜಡೆ ಎಲ್ಲೈತವ್ವಾ! ನಾನು ಮದುವೆ ಆಗಿ ಬಂದಾಗಿಂದ ಅದೇ ಸವತಿ ಜತೆ ಬಾಳ್ವೆ ಮಾಡ್ತಾ ಇದೀನಿ. ನನಗಿಂತ ಮೊದಲೇ ಬಂದೋಳು ಆಕೆ. ಬರ್ರಿ, ಮುಖ ತೋರಿಸ್ತೀನಿ.”

ಅವರ ಮನೆಯ ಹಿಂದೆಯೇ ಪೀರ್‌ಸಾಬರು ಉಸ್ತಾದರಾಗಿ ಕುಸ್ತಿ ಕಲಿಸುವ ಗರಡಿಮನೆ. ಹೆಂಗಸರು ಅದರ ಹೊಸಿಲು ತುಳಿಯುವಂತಿಲ್ಲ. ದನದ ಕೊಟ್ಟಿಗೆಯ ಗೋಡೆಯಲ್ಲಿ ಮಣ್ಣು ಉದುರಿ ಒಂದು ತೂತಿದೆ. ಅದಕ್ಕೆ ಕಣ್ಣಿಡಿ ಎಂದರು.

ಹನುಮಂತನ ಪಟದ ಮುಂದೆ ದೀಪ. ಕೆಳಗೆ ಕೆಂಪು ಮಣ್ಣಿನ ಅಂಕಣ. ಆ ಮಣ್ಣಿಗೆ ಅರಿಶಿನ, ತುಪ್ಪ, ಕರ್ಪೂರ, ನಿಂಬೆರಸ ಎಲ್ಲ ಕಲಸಿರುತ್ತಾರಂತೆ. ಅದರ ನಡುವೆ ಕೆಂಪು ಲಂಗೋಟಿ ಕಟ್ಟಿಕೊಂಡು, ಹೊಟ್ಟೆ ಮುಂದೆ ಬಿಟ್ಟುಕೊಂಡು, ನಿನ್ನ ತಂಗಿಯ ಗಂಡ! ಎಲೆ ಅಂಗಡಿಯ ಓಬಣ್ಣ ಅವರನ್ನು ಗೋಣಿಚೀಲದ ಹಾಗೆ ಎತ್ತಿ ಕೆಡವುತ್ತಿದ್ದ.

“ಏಳ್ರಿ ಸಾವ್ಕಾರ್ರೆ, ಏಳ್ರಿ!” ಎಂದು ಪೀರ್‌ಸಾಬರು ತೊಡೆ ತಟ್ಟುತ್ತಿದ್ದರು. “ಮಲಗಾಕೆ ಮನೆಯಾಗೆ ಹಾಸಿಗೆ ಐತೆ!”

ಇವರು ಕೆಮ್ಮುತ್ತ, ನಗುತ್ತ ಏಳುತ್ತಾರೆ. ಮತ್ತೆ ಬೀಳುತ್ತಾರೆ. ಮತ್ತೆ ಏಳುತ್ತಾರೆ.

ರಹಮತ್‌ಬೀ ಹೇಳಿದ್ದಿಷ್ಟು. ಪೀರ್‌ಸಾಬರು ಲಂಗೋಟಿಯ ಬಟ್ಟೆ ಕೊಳ್ಳಲು ಅಂಗಡಿಗೆ ಹೋದಾಗ ಇವರು ಗಜದ ಕೋಲು ಹಿಡಿದು ಅಳೆದದ್ದನ್ನೇ ಮತ್ತೆ ಮತ್ತೆ ಅಳೆದರಂತೆ. ಬಟ್ಟೆಯನ್ನು ನೀವೇ ಗರಡಿಗೆ ತಂದು ಕೊಡಿ ಎಂದು ಹೇಳಿ ಬಂದರಂತೆ. ಇವರು ತಂದರೆ, ಕೂರಿ ಎನ್ನಲಿಲ್ಲ, ಮಗುವಿನ ಮಾತೆತ್ತಲಿಲ್ಲ, ಕೈಗೆ ಗುದ್ದಲಿ ಕೊಟ್ಟು ಮಣ್ಣು ಅಗೆಯಿರಿ ಎಂದರಂತೆ. ಅಂದಿನಿಂದ ದಿನಾ ಅಗೆತ, ಬಸ್ಕಿ, ದಂಡ. “ನಮ್ಮ ಸಾಹೇಬ್ರದು ಒಂದೇ ಮಾತವ್ವಾ,” ಎಂದರು ಆಕೆ. “ಕುಂತ ಮೈಗೆ ಚಿಂತೆ ಅಂಟತೈತೆ, ಬೆವರಿದ ಮೈ ಮೇಲಿಂದ ಜಾರತೈತೆ. ಆದರೆ ಬಿಡಬಾರದು. ಮೊಹರಂನಾಗೆ ಗರಡಿ ಮುಚ್ಚಿತ್ತಲ್ಲ, ನಿಮ್ಮೋರು ದಿನಾ ಸಂಜೆ ಬಂದು ಬೀಗ ನೋಡಿ ಹೋಗ್ತಿದ್ರು, ಪಾಪ.”

ಪಾಪವಂತೆ! ನಾನು ಆ ಬೀಗವನ್ನೇ ತವರಿಗೆ ಕಳಿಸಿದ್ದೆನಲ್ಲ, ಅಕ್ಕ.

ಪಡಸಾಲೆಯಲ್ಲಿ ಮಲಗುವುದೂ ಉಸ್ತಾದರ ಕಟ್ಟಳೆಯೇ. ಗರಡಿ ಸಾಮು ಹಿಡಿದ ಹೊಸದರಲ್ಲಿ ಹೆಂಡತಿಯ ಕೋಣೆಗೆ ಹೋಗುವಂತಿಲ್ಲವಂತೆ. ಹಾಗಾದರೆ ನನ್ನಿಂದ ಮುಚ್ಚಿಟ್ಟದ್ದೇಕೆ ಎಂದು ಕೇಳಿದೆ. ರಹಮತ್‌ಬೀ ಹೇಳಿದರು: “ನಿಮ್ಮೋರೇ ನಮ್ಮ ಸಾಹೇಬ್ರಿಗೆ ಹೇಳ್ಯಾರೆ. ಕೂಸು ಹೋದ ಮನೆಯಾಗೆ ಅವಳು ಹಂಗೇ ಕುಂತಿದ್ದಾಳೆ, ನಾನು ಹಗುರ ಆಗೀನಿ ಅಂತ ಯಾವ ಬಾಯಾಗೆ ಹೇಳಲಿ ಅಂತ.”

ನಾನು ಮತ್ತೆ ತೂತಿಗೆ ಕಣ್ಣಿಟ್ಟೆ. ಕುಸ್ತಿ ಮುಗಿದಿತ್ತು. ಇವರು ಮಂಡಿಯೂರಿ, ಅಗೆದ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ಸಮ ಮಾಡುತ್ತಿದ್ದರು. ತೊಟ್ಟಿಲ ಹಾಸಿಗೆ ಸರಿ ಮಾಡುತ್ತಿದ್ದರಲ್ಲ, ಹಾಗೆ.

ಅಕ್ಕ, ನಿಜ ಹೇಳುತ್ತೇನೆ. ಬೇರೆ ಹೆಂಗಸಿದ್ದಾಳೆ ಅಂದುಕೊಂಡಾಗ ಉರಿದದ್ದಕ್ಕಿಂತ ಆಗ ಹೆಚ್ಚು ಉರಿಯಿತು. ಗಿರಿಜಿಯನ್ನು ಒಯ್ದ ದಿನ ನನ್ನನ್ನು ಹೊಸಿಲು ದಾಟಲು ಬಿಡಲಿಲ್ಲ. ಹೆತ್ತವಳು ಬರಬಾರದು ಎಂದರು ಹಿರಿಯರು. ಗುಣಿಗೆ ಮಣ್ಣು ಹಾಕಿದವರು ಇವರು. ಒಂದು ಹಿಡಿ ಮಣ್ಣು ನನ್ನ ಕೈಗೆ ಸಿಗಲಿಲ್ಲ. ಈಗಲೂ ಬೀಳಲು, ಏಳಲು, ಗುದ್ದಲು ಇವರಿಗೊಂದು ಮಣ್ಣಿನ ಅಂಕಣವಿದೆ. ನನಗೆ ಗೋಡೆಯ ತೂತು. ಹೆಣ್ಣೊಬ್ಬಳಿದ್ದಿದ್ದರೆ ಜಡೆ ಹಿಡಿದು ಜಗಳವಾಡಬಹುದಿತ್ತು. ಮಣ್ಣಿನ ಜತೆ ಏನು ಜಗಳವಾಡಲಿ?

ನೀನು ಕೇಳಿದ್ದಕ್ಕೆ ಉತ್ತರ: ನಿದ್ದೆ ಇಲ್ಲ. ಶ್ರಾವಣದಿಂದ ಇಲ್ಲ. ಉಣ್ಣುವುದು ಬಡಿಸಿ ಉಳಿದರೆ. ಕಣ್ಣು ಮುಚ್ಚಿದರೆ ಜ್ವರದಲ್ಲಿ ಬತ್ತಿದ ಆ ಮುಖವೊಂದೇ ಬರುತ್ತದೆ. ಒಬ್ಬರು ಮೂಲೆ ಹಿಡಿದು ಕೂತರೆ ಇನ್ನೊಬ್ಬರು ಒಲೆ ಹಚ್ಚಬೇಕಲ್ಲ. ಆ ಸರದಿ ನನಗೆ ಬಂದಿತ್ತು. ಅದಕ್ಕೇ ಬರೆಯಲಿಲ್ಲ.

ತೂತಿನಿಂದ ನಾನು ಕದಲದ್ದನ್ನು ನೋಡಿ ರಹಮತ್‌ಬೀ ನನ್ನ ತೋಳು ಹಿಡಿದು ಕೊಟ್ಟಿಗೆಯ ಮೂಲೆಗೆ ಕರೆದುಕೊಂಡು ಹೋದರು. ಹುಲ್ಲಿನ ಕೆಳಗಿನಿಂದ ಒಂದು ಜೊತೆ ಮರದ ಕರ್ಲಾಕಟ್ಟೆ ಹೊರಗೆಳೆದರು. ಗಂಡಸರು ಹೆಗಲ ಸುತ್ತ ತಿರುಗಿಸುತ್ತಾರಲ್ಲ, ಅದೇ. “ಗರಡಿಗೆ ಹೋಗಬಾರದು ಅಂತ ಐತೆ. ಕೊಟ್ಟಿಗೆಯಾಗೆ ತಿರುಗಿಸಬಾರದು ಅಂತ ಯಾರೂ ಹೇಳಿಲ್ಲ” ಎಂದು ಸೆರಗು ಸಿಕ್ಕಿಸಿ ತಿರುಗಿಸಿದರು ನೋಡು, ಎಮ್ಮೆ ಬೆಚ್ಚಿ ಎದ್ದು ನಿಂತಿತು.

ಭಾವನಿಗೆ ಹೇಳು, ಹೊನ್ನಾಳಿಗೆ ಬರುವುದು ಬೇಡ. ಅಂಚಿನ ಅರಿಶಿನದ ವಿಷಯದಲ್ಲಿ ಅವರೇ ಗೆದ್ದರು.

ನಿನ್ನ
ಶಂಕ್ರಿ

ತಾಜಾಕಲಂ: ಅಪ್ಪನ ಕರ್ಲಾಕಟ್ಟೆ ನಿಮ್ಮ ಅಟ್ಟದ ಮೇಲಿದೆಯಲ್ಲ, ಅವ್ವ ತೀರಿಕೊಂಡ ಮೇಲೆ ಹಿತ್ತಿಲಲ್ಲಿ ದಿನಾ ತಿರುಗಿಸುತ್ತಿದ್ದರು, ನಾವಿಬ್ಬರೂ ಅಪ್ಪನಿಗೆ ಹುಚ್ಚು ಹಿಡಿಯಿತೆಂದು ಹೆದರಿದ್ದೆವು. ಅದನ್ನು ಗೋಣಿಯಲ್ಲಿ ಸುತ್ತಿ, ಇಲ್ಲಿಗೆ ಬರುವ ಕೊಟ್ರಬಸಪ್ಪನ ಮೆಣಸಿನಕಾಯಿ ಗಾಡಿಯಲ್ಲಿ ಕಳಿಸು. ಕೇಳಿದರೆ ಒನಕೆ ಎನ್ನು. ಇಲ್ಲಿ ಇಬ್ಬರಿಗೆ ಒಂದೇ ಜೊತೆ, ರಹಮತ್‌ಬೀ ನನಗೆ ಬೇಗ ಸರದಿ ಬಿಡುವುದಿಲ್ಲ. ಈ ವಾರ ತಪ್ಪದೆ ಹೋಗಿದ್ದೇನೆ. ತೋಳು ಎತ್ತಲಾಗದಷ್ಟು ನೋವು. ಆದರೆ ಮೊನ್ನೆ ಕೋಳಿ ಕೂಗುವವರೆಗೆ ಮಲಗಿದ್ದೆ. ಎದ್ದಾಗ ಗಿರಿಜಿಯ ಮುಖ ನೆನಪಾಯಿತು, ಗುಳಿ ಬಿದ್ದ ಮುಖ.

ಇವರಿಗೆ ಇನ್ನೂ ಏನೂ ಹೇಳಿಲ್ಲ. ನಿನ್ನೆ ರೊಟ್ಟಿ ತಟ್ಟುವಾಗ ಗುನುಗಿದೆನಂತೆ. ಇವರು ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನೇ, ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ?” ಎಂದರು. ನೀರಿಗೆ ಎಂದೆ. ಅವರ ಕಣ್ಣು ಕೊಡದ ಕಡೆ ಹೋಯಿತು. ಕೊಡ ಖಾಲಿ ಇತ್ತು.